ಲೆಕ್ಕಕ್ಕಿಲ್ಲದ ಗುಳಿಗೆ

ಆಗ ನನಗೆ ನಲವತ್ತೊಂಬತ್ತು. ಅದಾಗಿ ಹದಿನಾರು ವರ್ಷ ಕಳೆಯಿತು.

ಮೊನ್ನೆ ಕಣ್ಣು ತೋರಿಸಲು ಕುಮಟೆಗೆ ಹೋಗಿದ್ದೆ. ಎಡಗಣ್ಣಿಗೆ ಪೊರೆ ಬಂದಿದೆ, ತೆಗೆಯಬೇಕು, ಅದಕ್ಕೂ ಮೊದಲು ರಕ್ತ ನೋಡಬೇಕು ಎಂದರು. ರಕ್ತ ತೆಗೆಯುವ ಹುಡುಗಿ ನನ್ನ ಮೊಣಕೈಯ ಒಳಬದಿಗೆ ಹತ್ತಿಯಿಂದ ಸ್ಪಿರಿಟ್ ಒರೆಸಿದಳು. ತಣ್ಣಗಾಯಿತು. ಆ ವಾಸನೆ ಮೂಗಿಗೆ ಹೊಡೆಯಿತು. ಸೂಜಿ ಕೈಯಲ್ಲಿ ಹಿಡಿದುಕೊಂಡೇ ಹುಡುಗಿ ಕೇಳಿದಳು, "ಅಜ್ಜಿ, ದಿನಾ ತಗೊಳ್ಳೂ ಮಾತ್ರೆ ಎಂತಾದ್ರೂ ಅದೆಯಾ?"

ಇದೇ ವಾಸನೆ, ಇದೇ ಪ್ರಶ್ನೆ... ಆ ಸಲ ಚಾಚಿದ ಕೈ ನನ್ನದಲ್ಲ. ಆಚೆಮನೆಯವಳದ್ದು.

ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದು ಬೇಲಿ. ಬೇಲಿಯಲ್ಲಿ ಒಂದು ಕಂಡಿ. ಆ ಕಂಡಿಯಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ಹಾಯ್ದಿದ್ದೇವೆ, ಜಗಳವಾಡಿದ ದಿನ ಮುಳ್ಳು ತಂದು ಮುಚ್ಚಿದ್ದೇವೆ, ಮರುದಿನ ಹೊಳೆಯ ನೀರು ಇಳಿಯುವ ಹೊತ್ತಿಗೆ ಯಾರಾದರೊಬ್ಬರು ಆ ಮುಳ್ಳು ತೆಗೆದಿದ್ದೇವೆ. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಮಾರಾಯ್ತಿ ಎನ್ನುತ್ತಿದ್ದಳು, ಸಿಟ್ಟು ಬಂದರೆ ಇನ್ನೂ ಏನೇನೋ. ಅವಳಿಗೆ ಗಂಡ ಬೇಗ ಹೋಗಿದ್ದ, ಮಕ್ಕಳಾಗಿರಲಿಲ್ಲ. ನನಗೂ ಗಂಡ ತೀರಿದ್ದ, ಒಬ್ಬಳೇ ಮಗಳನ್ನು ಹೊನ್ನಾವರಕ್ಕೆ ಕೊಟ್ಟಾಗಿತ್ತು.

ನಮ್ಮ ಕೆಲಸ ಬಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕುವುದು. ಹೊಳೆ ಸಮುದ್ರ ಸೇರುವಲ್ಲಿ ನೀರು ಇಳಿದಾಗ ಸೊಂಟದ ಮಟ್ಟದ ನೀರಿಗೆ ಇಳಿಯಬೇಕು. ಕಾಲ್ಬೆರಳಿನಿಂದ ಕೆಸರು ಕೆದಕಿ ಚಿಪ್ಪು ಹುಡುಕಬೇಕು. ಸಿಕ್ಕಿದರೆ ಬಗ್ಗಿ ತೆಗೆಯಬೇಕು. ನೀರು ಮತ್ತೆ ಏರುವ ತನಕ ಇದೇ. ಬುಟ್ಟಿ ತುಂಬಿದ ಮೇಲೆ ಅದು ಕಲ್ಲಿನಷ್ಟೇ ಭಾರ. ಒಬ್ಬಳಿಂದ ಅದನ್ನು ತಲೆಗೆ ಎತ್ತಿಕೊಳ್ಳಲು ಆಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಲ್ಲರಿಗೂ ಒಬ್ಬಳು ಜೊತೆಯವಳು ಇರುತ್ತಾಳೆ. ದಂಡೆಯಲ್ಲಿ ಎದೆಯೆತ್ತರದ ಒಂದು ಕಲ್ಲು. ಮೊದಲು ಇಬ್ಬರೂ ಸೇರಿ ಒಂದು ಬುಟ್ಟಿಯನ್ನು ಆ ಕಲ್ಲಿನ ಮೇಲಿಡುವುದು. ಇನ್ನೊಂದನ್ನು ಸೇರಿ ಎತ್ತಿ ಒಬ್ಬಳ ತಲೆಗೆ ಏರಿಸುವುದು. ಕಲ್ಲಿನ ಮೇಲಿದ್ದದ್ದನ್ನು ಉಳಿದವಳು ತಾನೇ ತಲೆ ಕೊಟ್ಟು ತೆಗೆದುಕೊಳ್ಳುವುದು. ನನ್ನ ಬುಟ್ಟಿಗೆ ಕೈ ಕೊಡುತ್ತಿದ್ದವಳು ಅವಳು. ಅವಳದಕ್ಕೆ ನಾನು. ಸ್ನೇಹ ಎಂದು ನಾವು ಯಾವತ್ತೂ ಹೇಳಿಕೊಂಡವರಲ್ಲ.

ಬೆಳಿಗ್ಗೆ ನೀರಿಗೆ ಇಳಿಯುವ ಮೊದಲು ದಂಡೆಯ ಅಂಗಡಿಯಲ್ಲಿ ಚಾ. ಚಾದ ಜೊತೆ ಒಂದು ನೋವಿನ ಗುಳಿಗೆ. ಅಂಗಡಿಯವನು ಕತ್ತರಿಯಿಂದ ಎರಡು ಗುಳಿಗೆಯಷ್ಟು ಕತ್ತರಿಸಿ ಕೊಡುತ್ತಿದ್ದ, ಅವಳಿಗೊಂದು, ನನಗೊಂದು. ಕೇಳಬೇಕಾಗಿಯೇ ಇರಲಿಲ್ಲ. ಬಗ್ಗುವ ಸೊಂಟಕ್ಕೆ, ತಣ್ಣೀರಿನಲ್ಲಿ ನಿಲ್ಲುವ ಮೊಣಕಾಲಿಗೆ ಅದು ಬೇಕು. ಅಲ್ಲಿ ನೀರಿಗಿಳಿಯುವ ಎಲ್ಲರೂ ನುಂಗುತ್ತಿದ್ದರು. ಚಾಕ್ಕೆ ಸಕ್ಕರೆ ಹಾಕಿದ ಹಾಗೆ.

ಆ ವರ್ಷ ಅವಳಿಗೆ ಉಸಿರು ಕಟ್ಟಲು ಶುರುವಾಯಿತು. ಬುಟ್ಟಿ ಹೊತ್ತು ದಂಡೆಯ ಏರು ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದಳು. "ಎಂತ ಆತೇ?" ಎಂದರೆ, "ನಿನ್ನ ಮುಖ ನೋಡಿ ಸಾಕಾತು" ಎನ್ನುತ್ತಿದ್ದಳು. ಕಾಲು ಬಾತ ಮೇಲೆ ಕುಮಟೆಗೆ ಎಳೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಎದೆಗೆ ಕೊಳವೆ ಹಿಡಿದು ಬಹಳ ಹೊತ್ತು ಕೇಳಿದರು. ಹೃದಯದೊಳಗಿನ ಒಂದು ಕದ ಬಿಗಿದುಕೊಂಡಿದೆ, ಚಿಕ್ಕಂದಿನ ಯಾವುದೋ ಜ್ವರದಿಂದ ಆದದ್ದು, ಎದೆ ತೆರೆದು ಕದ ಬದಲಿಸಬೇಕು ಎಂದರು. ರಕ್ತ ತೆಳ್ಳಗಾಗುವ ಒಂದು ಮಾತ್ರೆ ಕೊಟ್ಟರು. ಆಪರೇಷನ್ನಿಗೆ ಹೋಗುವ ಕೆಲವು ದಿನ ಮೊದಲು ಅದನ್ನು ನಿಲ್ಲಿಸಬೇಕು ಎಂದೂ ಹೇಳಿದರು. ಅವರು ಹೇಳಿದ ದಿನವೇ ಅವಳು ನಿಲ್ಲಿಸಿದಳು. ಮಾತಿಗೆ ತಪ್ಪುವವಳಲ್ಲ.

ಮಂಗಳೂರು ಬದಿಯ ಒಂದು ದೊಡ್ಡ ಆಸ್ಪತ್ರೆಗೆ ರೈಲಿನಲ್ಲಿ ಹೋದೆವು. ಖರ್ಚು ಸರ್ಕಾರದ ಕಾರ್ಡಿನ ಮೇಲೆ ನಡೆಯಿತು. ಕತಗಾಲದಿಂದ ಅವಳ ತಮ್ಮ ಬಂದು ಸಹಿ ಹಾಕಿ, ಆಪರೇಷನ್ ದಿನ ಬರುತ್ತೇನೆ ಎಂದು ಹೋದ. ಉಳಿಯಲು ಯಾರು? ನಾನು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಾದರೂ ಬೋರ್ಡು ಓದಬಲ್ಲೆ. ಅವಳಿಗೆ ಅದೂ ಬರುತ್ತಿರಲಿಲ್ಲ.

ಅಲ್ಲಿ ಅವಳ ಕೈಯಿಂದ ಸುಮಾರು ಶೀಶೆ ರಕ್ತ ತೆಗೆದರು. "ಇಷ್ಟ್ ತೆಗದ್ರೆ ಕೊಯ್ದಾಗ ಬರೂಕೆ ಎಂತ ಉಳೀತದೆ?" ಎಂದಳು. ತೆಗೆಯುವವಳು ನಗುತ್ತ ಕೇಳಿದಳು, "ಬೇರೆ ಏನಾದರೂ ಮಾತ್ರೆ, ಔಷಧಿ ತಗೊಳ್ತಿದ್ದೀರಾ ಅಮ್ಮ?"

"ಇಲ್ಲ" ಎಂದಳು ಅವಳು. "ಎಂತದೂ ಇಲ್ಲ" ಎಂದೆ ನಾನೂ. ಸುಳ್ಳು ಹೇಳಲಿಲ್ಲ. ಇಬ್ಬರ ತಲೆಗೂ ಹೊಳೆಯಲೇ ಇಲ್ಲ.

ಮರುದಿನ ಡಾಕ್ಟರು ಬಂದರು. ಸಣ್ಣ ಪ್ರಾಯದವರು, ಕುರ್ಚಿ ಎಳೆದು ಕೂತು ಮಾತಾಡುವವರು. ರಕ್ತದಲ್ಲಿ ಸಣ್ಣ ಸಣ್ಣ ಕಣಗಳಿರುತ್ತವೆ, ಎಲ್ಲಿ ಗಾಯವಾಯಿತೋ ಅಲ್ಲಿಗೆ ಓಡಿ ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ ಎಂದರು. "ನಿಮ್ಮ ರಕ್ತದಲ್ಲಿ ಕಣಗಳೇನೋ ಬೇಕಾದಷ್ಟಿವೆ ಅಮ್ಮ. ಆದರೆ ಅಂಟ್ತಾ ಇಲ್ಲ. ಹೀಗಿರುವಾಗ ಎದೆ ತೆರೆದರೆ, ಹೊಲಿದ ಮೇಲೂ ಒಳಗೆ ರಕ್ತ ಒಸರ್ತಾ ಇರ್ತದೆ. ನಿಲ್ಲದಿದ್ದರೆ ಮತ್ತೆ ತೆರೆಯಬೇಕು. ಎರಡನೇ ಸಲ ನಿಮ್ಮ ಎದೆ ತಡೆಯೂದು ಕಷ್ಟ."

ಅವಳಿಗೆ ಅವಮಾನವಾದ ಹಾಗಾಯಿತು. ಎರಡೂ ಕೈ ಅವರ ಮುಖದ ಮುಂದೆ ಹಿಡಿದಳು. ಬೆರಳ ತುಂಬ ಚಿಪ್ಪಿನ ಅಂಚು ಕೊಯ್ದ ಹಳೆಯ ಗೆರೆಗಳು. "ದಿನಾ ಕುಯ್ಸಕೊಳ್ಳೂ ಕೈ ಇದು ಡಾಕ್ಟ್ರೇ. ಉಪ್ಪುನೀರಲ್ಲಿ ಒಂದ್ ಸಲ ಅದ್ದಿದ್ರೆ ಆತು, ನಿಲ್ತದೆ. ನಮ್ಮ ಬದಿಯವರ ನೆತ್ತರು ಗಟ್ಟಿ."

"ಎದೆಯೊಳಗೆ ಉಪ್ಪುನೀರು ಹಾಕ್ಲಿಕ್ಕೆ ಆಗೂದಿಲ್ಲಲ್ಲ ಅಮ್ಮ" ಎಂದರು ಅವರು. ಯಾಕೆ ಅಂಟುತ್ತಿಲ್ಲ ಎಂದು ಅವರಿಗೂ ತಿಳಿಯಲಿಲ್ಲ. ಕುಮಟೆಯ ಮಾತ್ರೆ ನಿಲ್ಲಿಸಿದ್ದು ಖರೆಯೋ ಎಂದು ಎರಡು ಸಲ ಕೇಳಿದರು. ಅವಳು ದೇವರ ಆಣೆ ಹಾಕಿದಳು.

ಡಾಕ್ಟರು ಎದ್ದು ಬಾಗಿಲವರೆಗೆ ಹೋಗಿರಬಹುದು. ಕೂತು ಕೂತು ಅವಳಿಗೆ ಸೊಂಟ ಹಿಡಿದಿತ್ತು. "ಒಂದ್ ಗುಳಿಗೆ ಕೊಡೇ" ಎಂದಳು. ನಾನು ಸೆರಗಿನ ಗಂಟು ಬಿಚ್ಚಿ ಗುಳಿಗೆ ತೆಗೆದೆ. ಪಕ್ಕದಲ್ಲಿದ್ದ ನರ್ಸು ನನ್ನ ಮಣಿಕಟ್ಟು ಹಿಡಿದಳು.

"ಏನಿದು?"

"ನೋವಿಂದು" ಎಂದೆ.

"ಔಷಧಿ ತಗೊಳ್ಳುದಿಲ್ಲ ಅಂದ್ರಲ್ಲ?"

"ಕಾಯಿಲೆಗೆ ಎಂತದೂ ತಗಳೂದಿಲ್ಲ ಮಾರಾಯ್ತಿ. ಇದು ಬರೀ ನೋವಿಗೆ. ದಿನಾ ಚಾದ ಸಂಗ್ತಿಗೆ" ಎಂದಳು ಅವಳು ಮಂಚದಿಂದಲೇ.

ಡಾಕ್ಟರು ಬಾಗಿಲಿನಿಂದ ತಿರುಗಿ ಬಂದರು. ಗುಳಿಗೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಎಷ್ಟು ವರ್ಷದಿಂದ ಎಂದು ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಯಾರಿಗೆ ನೆನಪು? ಅವರು ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಆ ಕಣಗಳು ಅಂಟದ ಹಾಗೆ ಮಾಡಿದ್ದು ಇದೇ ಎಂದರು. ಒಂದು ವಾರ ಒಂದೂ ನುಂಗಬಾರದು, ಆಮೇಲೆ ಮತ್ತೆ ರಕ್ತ ನೋಡುತ್ತೇವೆ, ಅಂಟಿದರೆ ಮಾತ್ರ ಆಪರೇಷನ್. ಅಲ್ಲಿಯ ತನಕ ಇಲ್ಲೇ ಇರಿ, ಊರಿಗೆ ಹೋಗಬೇಡಿ. ಊರಿಗೆ ಹೋದರೆ ಇವಳು ನುಂಗುತ್ತಾಳೆ ಎಂದು ಅವರಿಗೆ ಗೊತ್ತಾಗಿತ್ತು.

ಆ ವಾರ... ಆಪರೇಷನ್ ದಿನಕ್ಕಿಂತ ಆ ವಾರವೇ ನನಗೆ ಹೆಚ್ಚು ನೆನಪಿರುವುದು.

ಗುಳಿಗೆ ಇಷ್ಟು ವರ್ಷ ಮುಚ್ಚಿಟ್ಟಿದ್ದ ನೋವೆಲ್ಲ ಒಟ್ಟಿಗೆ ಎದ್ದು ಬಂತು. ಎರಡನೇ ದಿನಕ್ಕೇ ಅವಳಿಗೆ ಕೈ ಮೇಲೆತ್ತಿ ತಲೆ ಬಾಚಲು ಆಗಲಿಲ್ಲ. ಮೊಣಕಾಲು ಮಡಚಿದರೆ ಬಿಡಿಸಲು ಆಗುತ್ತಿರಲಿಲ್ಲ. ಮಂಚದಿಂದ ಇಳಿಯಲು ನನ್ನ ಹೆಗಲು ಬೇಕು, ಹೆಗಲು ಕೊಟ್ಟರೆ "ಮುಟ್ಬೇಡ" ಎಂದು ಕಿರುಚುವುದು. ಬೇರೆ ಏನೋ ಬಿಳಿ ಮಾತ್ರೆ ಕೊಟ್ಟರು, ರಕ್ತಕ್ಕೆ ತೊಂದರೆ ಮಾಡದ್ದು. ಅದು ಅವಳಿಗೆ ಮುಟ್ಟಲೇ ಇಲ್ಲ. ಆ ವಾರ್ಡಿನಲ್ಲಿ ಎಲ್ಲರೂ ಮಾತಾಡುತ್ತಿದ್ದುದು ತುಳು, ಮಲಯಾಳ. ನಮ್ಮ ಮಾತು ನಮಗಿಬ್ಬರಿಗೆ ಮಾತ್ರ, ಅದರಲ್ಲಿ ಅವಳು ಆಡುತ್ತಿದ್ದುದು ಒಂದೇ ಮಾತು.

"ಒಂದ್ ಕೊಡೇ."

"ಇಲ್ಲ."

"ಅರ್ಧ ಕೊಡು. ಅರ್ಧಕ್ಕೆ ಎಂತ ಆಗ್ತದೆ?"

"ಎದೆ ಕೊಯ್ದಾಗ ನೆತ್ತರು ನಿಲ್ಲೂದಿಲ್ಲ. ಅದೇ ಆಗ್ತದೆ."

"ನಿಲ್ಲದಿದ್ರೆ ನಾ ಸಾಯ್ತೆ. ನಿಂಗೆಂತ ಹೋಗ್ತದೆ?"

ಅವಳು ಸತ್ತರೆ ನನಗೆ ಹೋಗುವುದೇನು ಎಂದು ನಾನೂ ಮಂಚದ ಕೆಳಗೆ ಚಾಪೆಯ ಮೇಲೆ ಮಲಗಿ ಯೋಚಿಸಿದ್ದೆ. ಬುಟ್ಟಿ ಎತ್ತುವವಳು ಹೋಗುತ್ತಾಳೆ. ಅದಕ್ಕಿಂತ ಹೆಚ್ಚಿನದು ಹೇಳಲು ನನಗೆ ಬರುತ್ತಿರಲಿಲ್ಲ.

ಒಂದು ಮಾತು ಹೇಳಬೇಕು. ಆ ವಾರ ನಾನು ನನ್ನ ಗುಳಿಗೆ ಬಿಟ್ಟಿರಲಿಲ್ಲ. ನನ್ನ ಎದೆಯನ್ನು ಯಾರೂ ಕೊಯ್ಯುವವರಿರಲಿಲ್ಲ. ನೆಲದ ಮೇಲೆ ಮಲಗಿದ ಸೊಂಟ ನನ್ನದೂ ಸೊಂಟವೇ. ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗಿ, ನಲ್ಲಿ ನೀರಿನಲ್ಲಿ ಒಂದು ನುಂಗಿ ಬರುತ್ತಿದ್ದೆ. ಅವಳ ಎದುರು ನುಂಗಲಿಲ್ಲ, ಅಷ್ಟೇ. ಅದು ತಪ್ಪೆಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಅವಳ ಕಣ್ಣು ತಪ್ಪಿಸಲು ಆಗುತ್ತದೆಯೇ? ಕೆಸರಿನಡಿಯ ಬಳಚನ್ನು ಕಾಲಿನಲ್ಲೇ ಕಂಡವಳು ಅವಳು.

ಒಂದು ಮಧ್ಯಾಹ್ನ, ಊಟದ ತಟ್ಟೆ ದೂಡಿ, ನನ್ನನ್ನೇ ನೋಡುತ್ತ ಹೇಳಿದಳು. "ನೀ ದಿನಾ ನುಂಗಿ ಬಂದು ನಂಗೆ ಬುದ್ಧಿ ಹೇಳ್ತೆ. ನೀ ಒಂದಿನ, ಒಂದೇ ದಿನ, ಗುಳಿಗೆ ಇಲ್ದೆ ನೀರಿಗಿಳಿದ್ ನೋಡು. ಆಗ ಗೊತ್ತಾಗ್ತದೆ ನಿಂಗೆ."

ಹೇಳಿ ಗೋಡೆಯ ಕಡೆ ತಿರುಗಿದಳು. ತಿರುಗಲೂ ನೋವು, ಹಲ್ಲು ಕಚ್ಚಿ ತಿರುಗಿದಳು. ಆಮೇಲೆ ವಾರ ಮುಗಿಯುವ ತನಕ ನನ್ನೊಡನೆ ಮಾತಿಲ್ಲ. ಊರಿನಲ್ಲಾಗಿದ್ದರೆ ಕಂಡಿಗೆ ಮುಳ್ಳು ಇಡುತ್ತಿದ್ದಳು. ಇಲ್ಲಿ ಬೇಲಿಯೂ ಇಲ್ಲ, ಮುಳ್ಳೂ ಇಲ್ಲ, ಒಂದೇ ಮಂಚ, ಅದರಡಿ ನಾನು. ಕಿಟಕಿಯಿಂದ ಸಮುದ್ರ ಕಾಣುತ್ತಿರಲಿಲ್ಲ. ನೀರು ಏರಿತೋ ಇಳಿಯಿತೋ ತಿಳಿಯದೆ ಅಷ್ಟು ದಿನ ನಾನು ಯಾವತ್ತೂ ಇದ್ದವಳಲ್ಲ.

ಮತ್ತೆ ರಕ್ತ ನೋಡಿದರು. ಈ ಸಲ ಅಂಟಿತು.

ಆಪರೇಷನ್ನಿಗೆ ಕರೆದುಕೊಂಡು ಹೋಗುವ ಬೆಳಿಗ್ಗೆ ಹಸಿರು ಅಂಗಿ ತೊಡಿಸಿದರು. ಸೊಂಟದ ದಾರದಲ್ಲಿದ್ದ ಮನೆಯ ಕೀಲಿಕೈ ಬಿಚ್ಚಿ ನನ್ನ ಕೈಗಿಟ್ಟಳು. ಅಷ್ಟು ದಿನದ ಮೇಲೆ ಬಾಯಿ ಬಿಟ್ಟಳು. "ನಾ ಸತ್ರೆ ನನ್ನ ಬುಟ್ಟಿ ನೀ ತಗ. ನಿಂದರ ತಳ ಹೋಗ್ಯದೆ."

"ಬೇಡ. ನಿನ್ನ ಬುಟ್ಟಿ ನೀನೇ ಹೊರು" ಎಂದೆ.

ಆಪರೇಷನ್ ಆದ ಸಂಜೆ ಒಬ್ಬರನ್ನು ಒಳಗೆ ಬಿಟ್ಟರು. ತಮ್ಮ ಒಳಗೆ ಹೋಗಿ ತಲೆ ತಿರುಗಿ ಹೊರಗೆ ಬಂದು ಕೂತ. ನಾನು ಹೋದೆ. ಬಾಯಿಗೆ ಕೊಳವೆ, ಮುಖ ಅರಿಸಿನದ ಬಣ್ಣ. ಎದೆಯ ಕೆಳಗಿನಿಂದ ಒಂದು ಕೊಳವೆ ಬಂದು ಮಂಚದ ಪಕ್ಕದ ಡಬ್ಬಿಗೆ ಇಳಿದಿತ್ತು. ಡಬ್ಬಿಯ ಮೇಲೆ ಗೆರೆಗಳು. ಒಳಗೆ ಅವಳ ರಕ್ತ. ಅದು ಎಲ್ಲಿಯ ತನಕ ಬಂದಿತ್ತೋ ಅಲ್ಲಿ ನರ್ಸು ಪೆನ್ನಿನಿಂದ ಗುರುತು ಮಾಡಿದ್ದಳು. ಗುರುತು ದಾಟಿ ಬಹಳ ಮೇಲೆ ಏರಿದರೆ ಮತ್ತೆ ಎದೆ ತೆರೆಯಬೇಕು ಎಂದಳು.

ನೀರಿನ ಗುರುತು ನನಗೆ ಗೊತ್ತು. ಹೊಳೆಯಲ್ಲಿ ನೆಟ್ಟ ಕಂಬದ ಮೇಲಿನ ಒದ್ದೆ ನೋಡಿ ಬದುಕಿದವರು ನಾವು. ಡಬ್ಬಿಯನ್ನೇ ನೋಡುತ್ತ ನಿಂತೆ. ಹೊರಗೆ ಹೋಗಿ ಅಂದರು. ಹೊರಗೆ ಬೆಂಚಿನ ಮೇಲೆ ಕೂತರೂ ಅದೇ ಡಬ್ಬಿ ಕಣ್ಣ ಮುಂದೆ.

ಬೆಳಿಗ್ಗೆ ಮತ್ತೆ ಬಿಟ್ಟಾಗ ಅವಳ ಮುಖ ನೋಡುವ ಮೊದಲು ಡಬ್ಬಿ ನೋಡಿದೆ. ಗುರುತಿಗಿಂತ ಒಂದು ಬೆರಳಿನಷ್ಟು ಮೇಲೆ. ಅಷ್ಟೇ. ನಿಂತಿತ್ತು. ಡಾಕ್ಟರು ಪಕ್ಕದಲ್ಲಿದ್ದರು. "ಮೊದಲಿನ ದಿನವೇ ತೆರೆದಿದ್ದರೆ ಇದು ಹೀಗೆ ನಿಲ್ತಿರಲಿಲ್ಲ ಅಮ್ಮ" ಎಂದರು. ನನಗೆ ಹೇಳಿದರೋ, ಅವರಿಗವರೇ ಹೇಳಿಕೊಂಡರೋ.

ಬಾಯಿಯ ಕೊಳವೆ ತೆಗೆದ ಮೇಲೆ ಅವಳ ಮೊದಲ ಮಾತು, "ಈಗಾದ್ರೂ ಒಂದ್ ಕೊಡೇ." ನಾನು ನಕ್ಕೆ, ಅವಳೂ ನಕ್ಕಳು. ನಗಬಾರದು, ಹೊಲಿಗೆ ಎಳೆಯುತ್ತದೆ ಎಂದು ನರ್ಸು ಅವಳಿಗೆ ಬೈದಳು.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರು, ಒಳಗೆ ಹಾಕಿದ ಕದ ಲೋಹದ್ದು. ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಆದ್ದರಿಂದ ಇನ್ನು ಸಾಯುವ ತನಕ ರಕ್ತ ತೆಳ್ಳಗೆ ಮಾಡುವ ಮಾತ್ರೆ ದಿನಾ ತಗೊಳ್ಳಬೇಕು, ಆಗಾಗ ರಕ್ತ ನೋಡಿಸಬೇಕು. ಗಾಯ ಮಾಡಿಕೊಳ್ಳಬಾರದು. ಕತ್ತಿ, ಚಿಪ್ಪು, ಕೆಸರು, ನೀರು ಯಾವುದೂ ಇಲ್ಲ. ನೆತ್ತರು ಅಂಟಬೇಕು ಎಂದು ಅವಳು ಒಂದು ವಾರ ನರಳಿದ್ದಳು. ಈಗ ಅಂಟಬಾರದು ಎಂದರು. ಅವಳು ನನ್ನ ಕಡೆ ನೋಡಿದಳು, ಇವರಿಗೆ ತಲೆ ಸರಿ ಇದೆಯೇ ಎನ್ನುವ ಹಾಗೆ. ಡಾಕ್ಟರು ಸುಳ್ಳು ಹೇಳುವವರಲ್ಲ. ಎರಡೂ ಖರೆ ಇರಬೇಕು.

ನೀರಿಗಿಳಿಯದವಳು ಆ ಮನೆಯಲ್ಲಿ ಕೂತು ಏನು ಮಾಡುವುದು? ತಮ್ಮ ಕತಗಾಲಕ್ಕೆ ಕರೆದುಕೊಂಡು ಹೋದ. ಒಳ್ಳೆಯವನೇ. ಹೋಗುವ ದಿನ ಅವಳು ಬುಟ್ಟಿಯನ್ನು ಕಂಡಿಯಿಂದ ಈಚೆ ದೂಡಿ ರಿಕ್ಷಾ ಹತ್ತಿದಳು.

ನಾನು ಒಂದು ಸಲ ಹೋಗಿ ನೋಡಿ ಬಂದೆ. ಜಗಲಿಯಲ್ಲಿ ಕೂತಿದ್ದಳು. ತಮ್ಮನ ಹೆಂಡತಿ ತರಕಾರಿ ಹೆಚ್ಚಲೂ ಬಿಡುತ್ತಿರಲಿಲ್ಲ, ಕೊಯ್ದುಕೊಂಡರೆ ರಕ್ತ ನಿಲ್ಲುವುದಿಲ್ಲ ಎಂಬ ಹೆದರಿಕೆ. ಕೈ ಹಿಡಿದು ನೋಡಿದೆ. ಮೆತ್ತಗಾಗಿತ್ತು. ಬೆರಳಿನ ಗೆರೆಗಳೆಲ್ಲ ಮಾಸಿದ್ದವು. ಯಾರದ್ದೋ ಕೈ ಹಿಡಿದ ಹಾಗಿತ್ತು.

"ಈಗ ನಿನ್ನ ಬುಟ್ಟಿ ಯಾರ್ ಎತ್ತಿ ಕೊಡ್ತಾರೆ?" ಎಂದು ಕೇಳಿದಳು.

"ಯಾರೂ ಬೇಡ. ಅರ್ಧ ತುಂಬ್ಸತೆ. ಒಬ್ಬಳೇ ಎತ್ತತೆ."

"ಸೋಮಾರಿ" ಎಂದಳು. ಕೈ ಹಿಂದಕ್ಕೆ ಎಳೆದುಕೊಂಡು, "ಗುಳಿಗೆ ಬಿಟ್ಟ್ಯಾ?" ಎಂದಳು.

"ಇಲ್ಲ."

"ಗೊತ್ತಿತ್ತು ನಂಗೆ."

ಬಸ್ಸಿನ ಹೊತ್ತಾಯಿತೆಂದು ಎದ್ದೆ. ಮತ್ತೆ ಹೋಗಬೇಕೆಂದಿದ್ದೆ... ಇಳಿತ ಇದ್ದ ದಿನ ನೀರಿಗೆ, ಇಲ್ಲದ ದಿನ ಇನ್ನೊಂದಕ್ಕೆ. ಕೆಲವು ವರ್ಷ ಹೀಗೇ ಹೋಯಿತು. ಕತಗಾಲದ ಕಡೆ ಮೀನು ಕೊಂಡು ಹೋಗುವವಳು ಒಂದು ದಿನ ದಂಡೆಯಲ್ಲಿ ನಿಂತು ಹೇಳಿದಳು, "ನಿಮ್ಮ ಆಚೆಮನೆಯವ್ಳು ಹೋದಳಂತೆ." ಸುದ್ದಿ ನನಗೆ ಮುಟ್ಟುವಾಗ ಅಲ್ಲಿ ಹನ್ನೊಂದನೆಯ ದಿನವೂ ಕಳೆದಿತ್ತು. ಮಲಗಿದಲ್ಲೇ ಹೋದಳಂತೆ. ರಕ್ತ ಒಂದು ಹನಿಯೂ ಬೀಳಲಿಲ್ಲವಂತೆ. ನಾನು ಅಳಲಿಲ್ಲ. ಆ ದಿನ ನೀರು ಇಳಿದಿತ್ತು, ಇಳಿದೆ.

ಕುಮಟೆಯ ಹುಡುಗಿ ಸೂಜಿ ಹಿಡಿದುಕೊಂಡು ಕಾಯುತ್ತಿದ್ದಳು. "ಅಜ್ಜೀ, ಮಾತ್ರೆ ತಗಳ್ತ್ಯಾ ಕೇಳ್ದೆ."

"ಅದೆ" ಎಂದೆ. "ನೋವಿನ ಗುಳಿಗೆ. ದಿನಾ ಒಂದು, ಚಾದ ಸಂಗ್ತಿಗೆ. ಎಷ್ಟೋ ವರ್ಷದಿಂದ."

ಹುಡುಗಿ ತಲೆಯೆತ್ತಿ ನೋಡಿದಳು. ತಾನಾಗಿ ಹೇಳಿದವರನ್ನು ಅವಳು ನೋಡಿರಲಿಲ್ಲವೋ ಏನೋ. ಒಳಗೆ ಹೋಗಿ ಕೇಳಿ ಬಂದಳು. ಕಣ್ಣಿನ ಆಪರೇಷನ್ ಆಗುವ ತನಕ ಅದನ್ನು ಮುಟ್ಟಬೇಡಿ, ಆಮೇಲೂ ದಿನಾ ನುಂಗುವುದು ಒಳ್ಳೆಯದಲ್ಲ ಎಂದಳು. ಸೂಜಿ ತೆಗೆದು ಹತ್ತಿಯ ಉಂಡೆ ಇಟ್ಟು, ಒತ್ತಿ ಹಿಡಿಯಿರಿ ಎಂದಳು. ಬಸ್ಸಿನಲ್ಲಿಯೂ ಒತ್ತಿಕೊಂಡೇ ಕೂತಿದ್ದೆ. ಮನೆಗೆ ಬಂದು ತೆಗೆದರೆ ನಡುವೆ ಒಂದು ಸಣ್ಣ ಕಂದು ಚುಕ್ಕಿ. ಬಚ್ಚಲ ಒಲೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ಇಳಿತವಿತ್ತು. ಅಂಗಡಿಯಲ್ಲಿ ಬರೀ ಚಾ ಕುಡಿದೆ. ಆಚೆಮನೆಯವಳ ಬುಟ್ಟಿ ತೆಗೆದುಕೊಂಡು ನೀರಿಗಿಳಿದೆ. ಮೊದಲ ನಾಲ್ಕು ಸಲ ಬಗ್ಗಿದ್ದು ಗೊತ್ತಾಗಲಿಲ್ಲ. ಆಮೇಲೆ ಬಗ್ಗಿದವಳಿಗೆ ನೇರ ನಿಲ್ಲಲು ಆಗಲಿಲ್ಲ. ನೀರಿನಲ್ಲಿ ನೆಟ್ಟಿದ್ದ ಕಂಬ ಹಿಡಿದು ಸ್ವಲ್ಪ ಸ್ವಲ್ಪವೇ ಎದ್ದೆ. ಆಸ್ಪತ್ರೆಯ ಮಂಚದಲ್ಲಿ ಅವಳು ಹೇಳಿದ್ದು ಹೌದು. ನೀರು ಏರುವ ಹೊತ್ತಿಗೆ ಬುಟ್ಟಿ ಅರ್ಧ ಆಗಿತ್ತು. ಎತ್ತಲು ಹೋದೆ, ಆಗಲಿಲ್ಲ. ಇನ್ನೊಮ್ಮೆ ಹೋದೆ. ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಬುಟ್ಟಿಯಲ್ಲಿದ್ದುದರಲ್ಲಿ ಅರ್ಧವನ್ನು ಹೊಳೆಗೆ ವಾಪಸು ಸುರಿದೆ. ಉಳಿದದ್ದನ್ನು ಸೊಂಟಕ್ಕೆ ಇಟ್ಟುಕೊಂಡು ಮನೆಗೆ ಬಂದೆ.